ಸಾರುವುದಕ್ಕೆ ಮುಂಚಿನ ಕಟ್ಟಳೆ: ಎಡತೊರೆ ಸೀಮೆಯ ಡಂಗುರ ಮತ್ತು ಗಣಕ ಸೂಚನಾಫಲಕದ ಆದೇಶಸಾಲು

ಪೀಠಿಕೆ

ಒಂದು ಸಮುದಾಯ ತನ್ನೊಳಗಿನ ಸುದ್ದಿಯನ್ನು ಹೇಗೆ ಸಾರಿಕೊಳ್ಳುತ್ತದೆ ಎಂಬ ಪ್ರಶ್ನೆ ಜಾನಪದ ಅಧ್ಯಯನಕ್ಕೆ ಹೊಸದೇನಲ್ಲ. ಆದರೆ ಸಾರಿದ ಮಾತನ್ನು ಸಂಗ್ರಹಿಸಿದಷ್ಟು ಆಸ್ಥೆಯಿಂದ, ಸಾರುವುದಕ್ಕೆ ಮುಂಚೆಯೇ ತೀರ್ಮಾನವಾಗಿರುವ ಕಟ್ಟಳೆಗಳನ್ನು ನಾವು ಸಂಗ್ರಹಿಸಿಲ್ಲ. ಯಾರು ಸಾರಬೇಕು, ಯಾವ ಹೊತ್ತಿನಲ್ಲಿ ಸಾರಬೇಕು, ಎಲ್ಲಿಂದ ಹೊರಟು ಎಲ್ಲಿಗೆ ಮುಗಿಸಬೇಕು, ಎಷ್ಟು ಸಲ ಕೂಗಬೇಕು, ಯಾರ ಅಪ್ಪಣೆಯನ್ನು ಹೆಸರಿಸಬೇಕು, ಸಾರಿ ಬಂದ ಮೇಲೆ ಯಾರಿಗೆ ತಿಳಿಸಬೇಕು ಎಂಬಿವು ಮಾತಿನ ಭಾಗವಲ್ಲ. ಆದುದರಿಂದ ಪಠ್ಯವನ್ನು ಬರೆದುಕೊಳ್ಳುವಾಗ ಇವು ಲೆಕ್ಕಣಿಕೆಗೆ ಸಿಗದೆ ಜಾರಿಹೋಗುತ್ತವೆ. ಆದರೆ ಇವಿಲ್ಲದೆ ಡಂಗುರವು ಡಂಗುರವಾಗುವುದಿಲ್ಲ. ಬೀದಿಯಲ್ಲಿ ಯಾರೋ ಕೂಗಿದಂತಾಗುತ್ತದೆ, ಅಷ್ಟೆ.

ಪ್ರಸ್ತುತ ಲೇಖನವು ಈ ಮುಂಚಿನ ಕಟ್ಟಳೆಗಳನ್ನು ಎರಡು ನೆಲೆಗಳಲ್ಲಿ ಪರಿಶೀಲಿಸುತ್ತದೆ. ಒಂದು, ಮೈಸೂರು ಜಿಲ್ಲೆಯ ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಸೀಮೆಯ ಸಾರುವ ಪದ್ಧತಿ. ಇನ್ನೊಂದು, 1970ರ ದಶಕದಿಂದ 1990ರ ದಶಕದವರೆಗೆ ಜಗತ್ತಿನ ಹಲವು ನಗರಗಳಲ್ಲಿಯೂ ನಮ್ಮ ಬೆಂಗಳೂರಿನಲ್ಲಿಯೂ ದೂರವಾಣಿಯ ತಂತಿಯ ಮೂಲಕ ನಡೆದ, ‘ಬುಲೆಟಿನ್ ಬೋರ್ಡ್ ಸಿಸ್ಟಮ್’ ಅಥವಾ ಬಿಬಿಎಸ್ ಎಂದು ಕರೆಯಲಾಗುತ್ತಿದ್ದ ಗಣಕ ಸೂಚನಾಫಲಕ. ಈ ಫಲಕಗಳ ತಂತ್ರಾಂಶವನ್ನು ಚಾಲನೆಗೊಳಿಸುವಾಗ ನಿರ್ವಾಹಕನು ಒಂದೇ ಸಾಲಿನಲ್ಲಿ ಬೆರಳಚ್ಚಿಸುತ್ತಿದ್ದ ಆಯ್ಕೆಗಳು, ಊರ ಚಾವಡಿಯಲ್ಲಿ ತೀರ್ಮಾನವಾಗುತ್ತಿದ್ದ ಕಟ್ಟಳೆಗಳಿಗೆ ಆಶ್ಚರ್ಯಕರವಾಗಿ ಹತ್ತಿರವಾಗಿವೆ. ಈ ಹೋಲಿಕೆಯನ್ನು ಅಲಂಕಾರಕ್ಕಾಗಿ ಮಾಡಿದ್ದಲ್ಲ. ಸಾರ್ವಜನಿಕ ಮಾತಿನ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಮಾತಿನಲ್ಲಿ ಕಾಣಿಸುವುದಕ್ಕಿಂತ ಸ್ಪಷ್ಟವಾಗಿ ಅದರ ಮುಂಚಿನ ಕಟ್ಟಳೆಯಲ್ಲಿ ಕಾಣಿಸುತ್ತದೆ ಎಂಬುದು ಇಲ್ಲಿನ ಪ್ರತಿಪಾದನೆ.

1. ಸೀಮೆ ಮತ್ತು ಸಾರು

ಇಂದಿನ ಕೃಷ್ಣರಾಜನಗರವು 1924ರ ಕಾವೇರಿ ಪ್ರವಾಹದ ತರುವಾಯ, ಹಳೆಯ ಎಡತೊರೆಗೆ ಬದಲಾಗಿ ಕಟ್ಟಲ್ಪಟ್ಟು, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಪಡೆದ ಪಟ್ಟಣ. ಕಾವೇರಿಗೆ ಅಡ್ಡಲಾಗಿ ಕಟ್ಟಿದ ಹಳೆಯ ಅಣೆಕಟ್ಟೆಗಳು ಮತ್ತು ಅವುಗಳ ನಾಲೆಗಳು ಈ ತಾಲ್ಲೂಕಿನ ಬೇಸಾಯದ ಬೆನ್ನೆಲುಬು. ಪಿರಿಯಾಪಟ್ಟಣ, ಹುಣಸೂರುಗಳು ಹೆಚ್ಚಾಗಿ ಹೊಗೆಸೊಪ್ಪು ಬೆಳೆಯುವ ಸೀಮೆ. ಹೆಗ್ಗಡದೇವನಕೋಟೆಯದು ಕಬಿನಿಯ ಬಯಲು ಮತ್ತು ಕಾಡಿನಂಚಿನ ಹಾಡಿಗಳ ಸೀಮೆ. ಈಗ ಪ್ರತ್ಯೇಕ ತಾಲ್ಲೂಕುಗಳಾಗಿರುವ ಸಾಲಿಗ್ರಾಮ ಮತ್ತು ಸರಗೂರುಗಳೂ ಈ ಪ್ರದೇಶಕ್ಕೆ ಸೇರಿದವು. ನೀರು, ಕಂದಾಯ, ದೇವರ ಕಾರ್ಯ, ಸಾವು ಈ ನಾಲ್ಕೂ ಇಲ್ಲಿ ಸಾರಬೇಕಾದ ಸುದ್ದಿಗಳಾಗಿದ್ದವು. ನಾಲೆಗೆ ನೀರು ಬಿಡುವ ಮತ್ತು ನಿಲ್ಲಿಸುವ ದಿನ, ಕಂದಾಯದ ಕಂತು ಕಟ್ಟುವ ಗಡುವು, ಹರಾಜು, ಮಾರಿಹಬ್ಬ, ಕಳೆದುಹೋದ ದನ ಇವೆಲ್ಲ ತಮಟೆಯ ಸದ್ದಿನ ಬೆನ್ನಿಗೆ ಊರ ಕಿವಿಗೆ ಬೀಳುತ್ತಿದ್ದವು.

ಹಬ್ಬಕ್ಕೆ ಸಂಬಂಧಿಸಿದ ಸಾರುವಿಕೆಗೆ ಹಳೆಯ ಮೈಸೂರಿನಲ್ಲಿ ‘ಸಾರು ಹಾಕುವುದು’ ಎಂಬ ವಿಶಿಷ್ಟವಾದ ಮಾತಿದೆ. ಸಾರು ಹಾಕಿದ ಮೇಲೆ ಊರಿಗೆ ಕಟ್ಟು ಬೀಳುತ್ತದೆ. ಊರವರು ಪರಸ್ಥಳಕ್ಕೆ ಹೋಗಿ ರಾತ್ರಿ ತಂಗುವಂತಿಲ್ಲ; ಕೆಲವು ಕೆಲಸಗಳನ್ನು ಮಾಡುವಂತಿಲ್ಲ. ಇಲ್ಲಿ ಸಾರು ಎಂಬುದು ಸುದ್ದಿ ತಿಳಿಸುವುದಷ್ಟೇ ಅಲ್ಲ, ಒಂದು ಕಾಲಾವಧಿಯನ್ನು ಆರಂಭಿಸುವ ಕ್ರಿಯೆ. ‘ನಾನು ಕೇಳಿಸಿಕೊಳ್ಳಲಿಲ್ಲ’ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಸಾರಿದ್ದು ಎಲ್ಲರಿಗೂ ತಲುಪಿದೆಯೆಂದೇ ಲೆಕ್ಕ.

ಸಾರುವ ಕ್ರಮವನ್ನು ಬಿಡಿಸಿ ನೋಡಿದರೆ ಅದರಲ್ಲಿ ಎರಡು ಪದರಗಳು ಕಾಣಿಸುತ್ತವೆ. ಮೇಲಿನ ಪದರ ಕೇಳಿಸುವಂಥದು. ಮೊದಲು ತಮಟೆಯ ಪೆಟ್ಟು, ಅನಂತರ ‘ಕೇಳ್ರಪ್ಪೋ ಕೇಳಿ’ ಎಂಬ ಕರೆ, ಆಮೇಲೆ ಚುಟುಕಾದ ವಿಷಯ, ತಪ್ಪಿದರೆ ಆಗುವ ದಂಡ, ಮತ್ತೆ ಪೆಟ್ಟು. ಕೆಳಗಿನ ಪದರ ಕೇಳಿಸದಂಥದು. ಚಾವಡಿಯಿಂದಲೋ ಗುಡಿಯ ಮುಂದಿನಿಂದಲೋ ಹೊರಡಬೇಕು. ಯಾವ ಬೀದಿಯ ಯಾವ ತಿರುವಿನಲ್ಲಿ ನಿಲ್ಲಬೇಕು. ಯಾವ ಕೇರಿಯ ಒಳಕ್ಕೆ ಹೋಗಬೇಕು, ಯಾವುದರ ತುದಿಯಲ್ಲೇ ನಿಂತು ಕೂಗಬೇಕು. ದನಕರು ಕೊಟ್ಟಿಗೆಗೆ ಬಂದ ಮೇಲೆ ಸಾರಬೇಕೋ ಅಥವಾ ಹೊಲಕ್ಕೆ ಹೊರಡುವ ಮುಂಚೆಯೋ. ಸಾವಿನ ಪೆಟ್ಟು ಬೇರೆ, ಹಬ್ಬದ ಪೆಟ್ಟು ಬೇರೆ, ಸರ್ಕಾರಿ ಟಾಂಟಾಂ ಬೇರೆ. ಮಾತು ಕಿವಿಗೆ ಬೀಳುವ ಮುಂಚೆಯೇ ಪೆಟ್ಟಿನ ಜಾಡಿನಿಂದ ಕೇಳುಗನಿಗೆ ಬರಲಿರುವ ಸುದ್ದಿಯ ಜಾತಿ ತಿಳಿಯುತ್ತಿತ್ತು.

ಬ್ರಿಟಿಷರ ಕಾಲದ ಕಾನೂನು ಈ ಕೆಳಗಿನ ಪದರವನ್ನು ಅಕ್ಷರಕ್ಕೆ ಇಳಿಸಿತು ಎಂಬುದು ಗಮನಾರ್ಹ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೆಯ ಆದೇಶದ 54ನೆಯ ನಿಯಮವು ಸ್ಥಿರಾಸ್ತಿಯ ಜಪ್ತಿಯನ್ನು ಆ ಆಸ್ತಿಯ ಮೇಲೆ ಅಥವಾ ಅದರ ಪಕ್ಕದಲ್ಲಿ ಡಂಗುರ ಹೊಡೆಸಿ ಇಲ್ಲವೇ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಸಾರಬೇಕು, ಆದೇಶದ ಪ್ರತಿಯನ್ನು ಆಸ್ತಿಯ ಎದ್ದುಕಾಣುವ ಭಾಗದಲ್ಲೂ ನ್ಯಾಯಾಲಯದ ಕಟ್ಟಡದಲ್ಲೂ ಅಂಟಿಸಬೇಕು ಎನ್ನುತ್ತದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 129ನೆಯ ಪ್ರಕರಣವು ಹಕ್ಕು ಬದಲಾವಣೆಯ ನಮೂದಿನ ಪೂರ್ಣ ಪ್ರತಿಯನ್ನು ಚಾವಡಿಯ ಎದ್ದುಕಾಣುವ ಜಾಗದಲ್ಲಿ ಹಚ್ಚಬೇಕೆಂದು ವಿಧಿಸುತ್ತದೆ. ಸದ್ದು ಮತ್ತು ಫಲಕ ಹೀಗೆ ಜೋಡಿಯಾಗಿ ನಿಂತವು. ಸದ್ದು ಕ್ಷಣಿಕ, ಆದರೆ ಎಲ್ಲರಿಗೂ ತಲುಪುತ್ತದೆ. ಫಲಕ ಉಳಿಯುತ್ತದೆ, ಆದರೆ ಓದಬಲ್ಲವರಿಗೆ ಮಾತ್ರ.

2. ಸಾರುವವನ ಸ್ಥಾನ

ಊರಿನ ಆಯಗಾರರ ವ್ಯವಸ್ಥೆಯಲ್ಲಿ ಗೌಡ, ಶಾನುಭೋಗರ ಜೊತೆಗೆ ತಳವಾರ, ತೋಟಿ, ನೀರಗಂಟಿಗಳೂ ಇದ್ದರು. ಸಾರುವ ಕೆಲಸ ಇವರಲ್ಲಿ ತೋಟಿ, ತಳವಾರ, ಕುಳವಾಡಿಗಳ ಪಾಲಿಗೆ ಬಂದಿತ್ತು. ಊರ ಎಲ್ಲೆಕಲ್ಲು, ಹೊಲದ ಬದು, ನೀರಿನ ಸರದಿ ಇವುಗಳ ಬಗೆಗೆ ಇವರಲ್ಲಿದ್ದ ತಿಳಿವಳಿಕೆ ದೊಡ್ಡದು. ವ್ಯಾಜ್ಯ ಬಂದಾಗ ಅವರ ಮಾತೇ ಸಾಕ್ಷ್ಯವಾಗುತ್ತಿತ್ತು. ಆದರೆ ತಮಟೆ ಹಿಡಿಯುವುದು ಆಯ್ಕೆಯ ವೃತ್ತಿಯಾಗಿರಲಿಲ್ಲ. ಅದು ಹುಟ್ಟಿನಿಂದ ಬಂದ ಚಾಕರಿ. ಸಾರುವ ಮಾತು ಅವನದಲ್ಲ, ಸಾರುವ ಹೊತ್ತು ಅವನದಲ್ಲ, ಸಾರಲಾರೆನೆನ್ನುವ ಹಕ್ಕೂ ಅವನದಲ್ಲ. ಊರಿಗೆಲ್ಲ ದನಿಯಾದವನು ಊರ ಸಭೆಯಲ್ಲಿ ಕುಳಿತು ಮಾತನಾಡುವಂತಿರಲಿಲ್ಲ ಎಂಬುದು ಈ ಪದ್ಧತಿಯ ಒಳಗಿನ ಕ್ರೌರ್ಯ.

ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದ 1961ರ ಕಾಯಿದೆ 1963ರಲ್ಲಿ ಜಾರಿಗೆ ಬಂದಿತು. ಕಾಗದದ ಮೇಲೆ ಚಾಕರಿ ಮುಗಿಯಿತಾದರೂ ರೂಢಿ ಮುಗಿಯಲಿಲ್ಲ. 1970ರ ದಶಕದಿಂದ ದಲಿತ ಚಳವಳಿಯು ಬಿಟ್ಟಿ ದುಡಿಮೆಯನ್ನು ಬಹಿರಂಗವಾಗಿ ಪ್ರಶ್ನಿಸಿದ ಮೇಲೆ ಹಲವೆಡೆ ತಮಟೆ ಕೆಳಗಿಡುವುದೇ ಆತ್ಮಗೌರವದ ನಡೆಯಾಯಿತು. ಅದೇ ತಮಟೆ ಹೋರಾಟದ ಮೆರವಣಿಗೆಗಳಲ್ಲಿ, ಸಾಂಸ್ಕೃತಿಕ ವೇದಿಕೆಗಳಲ್ಲಿ ಬೇರೊಂದು ಅರ್ಥದಲ್ಲಿ ಮೊಳಗಿತು. ವಾದ್ಯ ಬದಲಾಗಲಿಲ್ಲ, ಅದನ್ನು ಹೊಡೆಯುವ ಮುಂಚಿನ ಕಟ್ಟಳೆ ಬದಲಾಯಿತು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಗಣಕದ ಕಡೆಗೆ ಹೊರಳಬಹುದು.

3. ಮೆಟ್ಟಿಲ ಮೇಲಿನ ಫಲಕ, ತಂತಿಯ ಮೇಲಿನ ಫಲಕ

ಗಣಕ ಸೂಚನಾಫಲಕದ ಚರಿತ್ರೆ ಆರಂಭವಾಗುವುದು ನಿಜವಾದ ಫಲಕಗಳ ಪಕ್ಕದಲ್ಲಿಯೇ. 1973ರ ಆಗಸ್ಟಿನಲ್ಲಿ ಅಮೆರಿಕದ ಬರ್ಕ್ಲಿ ಊರಿನ ಲಿಯೋಪೋಲ್ಡ್ಸ್ ಎಂಬ ಧ್ವನಿಮುದ್ರಿಕೆಗಳ ಅಂಗಡಿಯ ಮೆಟ್ಟಿಲುಗಳ ಮೇಲ್ತುದಿಯಲ್ಲಿ, ಸಂಗೀತಗಾರರು ಚೀಟಿ ಹಚ್ಚುತ್ತಿದ್ದ ಹಲಗೆಯ ಬಳಿ, ಒಂದು ಟೆಲಿಟೈಪ್ ಯಂತ್ರವನ್ನು ಇರಿಸಲಾಯಿತು. ಅದು ತಂತಿಯ ಮೂಲಕ ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಗಣಕವೊಂದಕ್ಕೆ ಸೇರಿಕೊಂಡಿತ್ತು. ‘ಕಮ್ಯೂನಿಟಿ ಮೆಮೊರಿ’ ಎಂಬ ಈ ಯೋಜನೆಯ ಹಿಂದೆ ಲೀ ಫೆಲ್ಸೆನ್‌ಸ್ಟೈನ್, ಎಫ್ರೆಮ್ ಲಿಪ್ಕಿನ್, ಮಾರ್ಕ್ ಸ್ಪಾಕೋವ್ಸ್ಕಿ ಮೊದಲಾದವರಿದ್ದರು. ಬಳಸುವವನಿಗೆ ಮುಖ್ಯವಾಗಿ ಎರಡು ಆದೇಶಗಳು ತಿಳಿದಿದ್ದರೆ ಸಾಕಾಗಿತ್ತು. ‘ಆಡ್’ ಎಂದರೆ ಸೇರಿಸು. ‘ಫೈಂಡ್’ ಎಂದರೆ ಹುಡುಕು. ಯಂತ್ರದ ಬಳಿ ಒಬ್ಬ ಸಹಾಯಕ ಕುಳಿತು ಬಂದವರಿಗೆ ಹೇಳಿಕೊಡುತ್ತಿದ್ದ.

ಐದು ವರ್ಷಗಳ ತರುವಾಯ, 1978ರ ಜನವರಿಯ ಭಾರಿ ಹಿಮಪಾತದಲ್ಲಿ ಶಿಕಾಗೋ ನಗರ ಹೂತುಹೋಗಿದ್ದಾಗ, ವಾರ್ಡ್ ಕ್ರಿಸ್ಟೆನ್‌ಸೆನ್ ಮತ್ತು ರ‍್ಯಾಂಡಿ ಸೂಸ್ ಎಂಬ ಇಬ್ಬರು ಹವ್ಯಾಸಿಗಳು ತಮ್ಮ ಗಣಕ ಸಂಘದ ಹಲಗೆಯನ್ನು ತಂತಿಗೆ ಏರಿಸಲು ತೊಡಗಿದರು. ಸಂಘದ ಸಭೆಗಳಲ್ಲಿ ಸದಸ್ಯರು ‘ಬೇಕಾಗಿದೆ’, ‘ಮಾರಾಟಕ್ಕಿದೆ’ ಎಂಬ ಚೀಟಿಗಳನ್ನು ಗುಂಡುಸೂಜಿಯಿಂದ ಚುಚ್ಚುತ್ತಿದ್ದ ಹಲಗೆ ಅದು. ಸಿಬಿಬಿಎಸ್ ಎಂಬ ಹೆಸರಿನ ಆ ವ್ಯವಸ್ಥೆ 1978ರ ಫೆಬ್ರವರಿ 16ರಂದು ಬಳಕೆಗೆ ಬಂದಿತು. ಒಂದೇ ದೂರವಾಣಿ ತಂತಿ. ಒಬ್ಬರು ಕರೆ ಮಾಡಿದ್ದರೆ ಇನ್ನೊಬ್ಬರು ಕಾಯಬೇಕು. ವೇಗ ಸೆಕೆಂಡಿಗೆ ಸುಮಾರು 30 ಅಕ್ಷರ. ಪೂರ್ಣ ತೆರೆಯೊಂದರ 2000 ಅಕ್ಷರಗಳು ಮೂಡಲು ಒಂದು ನಿಮಿಷಕ್ಕೂ ಮೇಲ್ಪಟ್ಟ ಸಮಯ ಬೇಕಾಗುತ್ತಿತ್ತು. ಅದೇ ವರ್ಷದ ನವೆಂಬರಿನಲ್ಲಿ ಇಬ್ಬರೂ ‘ಬೈಟ್’ ಪತ್ರಿಕೆಯಲ್ಲಿ ಈ ವ್ಯವಸ್ಥೆಯನ್ನು ವಿವರಿಸಿದರು. ಅನಂತರ ಅಂಥ ಫಲಕಗಳು ಊರೂರಿಗೆ ಹಬ್ಬಿದವು. 1984ರಲ್ಲಿ ಟಾಮ್ ಜೆನ್ನಿಂಗ್ಸ್ ಆರಂಭಿಸಿದ ಫೈಡೋನೆಟ್ ಅವುಗಳನ್ನು ಪರಸ್ಪರ ಜೋಡಿಸಿತು. ದೂರವಾಣಿಯ ದರ ಕಡಿಮೆಯಿರುವ ಇರುಳಿನಲ್ಲಿ ಒಂದು ಗಣಕ ಇನ್ನೊಂದಕ್ಕೆ ಕರೆ ಮಾಡಿ ಪತ್ರಗಳನ್ನು ದಾಟಿಸುತ್ತಿತ್ತು. 1990ರ ದಶಕದ ನಡುವಿನ ಹೊತ್ತಿಗೆ ಅದರ ಕೇಂದ್ರಗಳ ಸಂಖ್ಯೆ ಮೂವತ್ತು ಸಾವಿರವನ್ನು ಮೀರಿತ್ತು.

4. ಒಂದು ಸಾಲಿನೊಳಗಿನ ಕಟ್ಟಳೆ

1980ರ ದಶಕದ ಉತ್ತರಾರ್ಧದಲ್ಲಿ ಈ ಫಲಕಗಳು ಹೆಚ್ಚಾಗಿ ಡಾಸ್ ಕಾರ್ಯವ್ಯವಸ್ಥೆಯ ಸಣ್ಣ ಗಣಕಗಳ ಮೇಲೆ ನಡೆದವು. ಚಿತ್ರಗಳಿಲ್ಲದ ಕಪ್ಪು ತೆರೆ. ಅದರಲ್ಲಿ ಮಿನುಗುವ ಒಂದು ಗೆರೆ. ನಿರ್ವಾಹಕನು ತಂತ್ರಾಂಶದ ಹೆಸರನ್ನು ಬೆರಳಚ್ಚಿಸಿ, ಅದರ ಮುಂದೆ ಅಡ್ಡಗೆರೆಯೊಂದಿಗೆ ಒಂದೊಂದು ಅಕ್ಷರ, ಅಕ್ಷರಕ್ಕೆ ಅಂಟಿಕೊಂಡಂತೆ ಒಂದು ಸಂಖ್ಯೆ, ಹೀಗೆ ಆಯ್ಕೆಗಳನ್ನು ಬರೆಯುತ್ತಿದ್ದ. ಇದೇ ಆದೇಶಸಾಲು. ಕೆನಡಾದ ಸ್ಕಾಟ್ ಡಡ್ಲಿ ರೂಪಿಸಿದ ಮ್ಯಾಕ್ಸಿಮಸ್ ಹಾಗೂ ರಿಮೋಟ್ ಆಕ್ಸೆಸ್ ಮುಂತಾದ ತಂತ್ರಾಂಶಗಳಲ್ಲಿ ಅಕ್ಷರಗಳು ಅಷ್ಟಿಷ್ಟು ಬೇರೆಯಾಗಿದ್ದರೂ ಅವುಗಳ ಇಂಗಿತ ಬಹುಮಟ್ಟಿಗೆ ಒಂದೇ.

ಬಿ ಎಂಬ ಅಕ್ಷರ ಕರೆಯ ವೇಗವನ್ನು ತಿಳಿಸುತ್ತಿತ್ತು. ಕರೆ ಮಾಡಿದವನ ಮೋಡೆಮ್ ಯಾವ ವೇಗದಲ್ಲಿ ಕೇಳಬಲ್ಲದು ಎಂಬುದು ತಂತ್ರಾಂಶಕ್ಕೆ ತಾನಾಗಿ ತಿಳಿಯದು. ತಪ್ಪಾಗಿ ಹೇಳಿದರೆ ತೆರೆಯ ಮೇಲೆ ಅರ್ಥವಿಲ್ಲದ ಗುರುತುಗಳು ಚೆಲ್ಲಾಡುತ್ತಿದ್ದವು. ಪಿ ಎಂಬುದು ಗಣಕದ ಯಾವ ದ್ವಾರದಲ್ಲಿ ಮೋಡೆಮ್ ಕುಳಿತಿದೆ ಎಂಬುದನ್ನು, ಎನ್ ಎಂಬುದು ಹಲವು ತಂತಿಗಳಿದ್ದಾಗ ಇದು ಎಷ್ಟನೆಯದು ಎಂಬುದನ್ನು ಸೂಚಿಸುತ್ತಿದ್ದವು. ಒಂದೇ ಕಡತಕ್ಕೆ ಇಬ್ಬರು ಏಕಕಾಲಕ್ಕೆ ಬರೆದು ಕೆಡಿಸದಂತೆ ಈ ಸಂಖ್ಯೆ ಕಾಯುತ್ತಿತ್ತು. ಕೆ ಅಥವಾ ಎಲ್ ಎಂಬುದು ತಂತಿಯ ಹಂಗಿಲ್ಲದೆ ನಿರ್ವಾಹಕನು ತನ್ನ ಕೀಲಿಮಣೆಯಿಂದಲೇ ಒಳಹೋಗಲು ಇದ್ದ ದಾರಿ.

ಎಲ್ಲಕ್ಕಿಂತ ಸ್ವಾರಸ್ಯವಾದುದು ಟಿ ಎಂಬ ಅಕ್ಷರ. ಮುಂದಿನ ನಿಗದಿತ ಕಾರ್ಯಕ್ಕೆ ಎಷ್ಟು ನಿಮಿಷ ಉಳಿದಿದೆ ಎಂಬುದನ್ನು ಅದು ಹೇಳುತ್ತಿತ್ತು. ಇರುಳು 2 ಗಂಟೆಗೆ ಪತ್ರವಿನಿಮಯ ಆರಂಭವಾಗಬೇಕಿದ್ದು 1.20ಕ್ಕೆ ಕರೆಯೊಂದು ಬಂದರೆ ಟಿ ಅಕ್ಷರದ ಮುಂದೆ 40 ಎಂಬ ಸಂಖ್ಯೆ ಬೀಳುತ್ತಿತ್ತು. ಕರೆ ಮಾಡಿದವನಿಗೆ ದಿನಕ್ಕೆ ಒಂದು ಗಂಟೆಯ ಅವಕಾಶವಿದ್ದರೂ ಅಂದು ಸಿಗುವುದು 40 ನಿಮಿಷ ಮಾತ್ರ. ಸಮುದಾಯದ ಕಾರ್ಯ ವ್ಯಕ್ತಿಯ ಪಾಲಿಗಿಂತ ಮೊದಲು ಎಂಬ ಕಟ್ಟಳೆಯನ್ನು ಒಂದು ಅಕ್ಷರ ಹೀಗೆ ಹೊತ್ತಿತ್ತು. ಸಾರು ಹಾಕಿದ ಮೇಲೆ ಊರಿಗೆ ಬೀಳುವ ಕಟ್ಟನ್ನು ಇದು ನೆನಪಿಸದೆ ಇರದು.

ಈ ಸಾಲನ್ನು ಪ್ರತಿ ಕರೆಗೂ ನಿರ್ವಾಹಕನೇ ಕುಳಿತು ಬರೆಯುತ್ತಿರಲಿಲ್ಲ. ಬಾಗಿಲಲ್ಲಿ ಪತ್ರವಾಹಕ ತಂತ್ರಾಂಶವೊಂದು ಕಾದಿರುತ್ತಿತ್ತು. ಕರೆ ಮಾಡಿದ್ದು ಇನ್ನೊಂದು ಗಣಕವಾದರೆ ಅದು ಪತ್ರಗಳನ್ನು ಕೊಟ್ಟು ತೆಗೆದುಕೊಳ್ಳುತ್ತಿತ್ತು. ಕರೆ ಮಾಡಿದ್ದು ಮನುಷ್ಯನಾದರೆ ‘ಎಸ್ಕೇಪ್ ಕೀಲಿಯನ್ನು ಎರಡು ಸಲ ಒತ್ತಿ’ ಎಂದು ತೋರಿಸಿ, ವೇಗ ಮತ್ತು ಉಳಿದ ಸಮಯವನ್ನು ಫಲಕದ ತಂತ್ರಾಂಶಕ್ಕೆ ದಾಟಿಸುತ್ತಿತ್ತು. ಫಲಕದ ಕೆಲಸ ಮುಗಿದಾಗ ಅದು ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತಿತ್ತು. ಡಾಸ್‌ನಲ್ಲಿ ಅದರ ಹೆಸರು ‘ಎರರ್‌ಲೆವೆಲ್’. ಹೆಸರಿನಲ್ಲಿ ದೋಷವೆಂಬ ಸೂಚನೆ ಇದ್ದರೂ ಅದು ದೋಷವೇ ಆಗಬೇಕೆಂದಿಲ್ಲ. ಹೊಸ ಪತ್ರ ಬರೆಯಲಾಗಿದೆ, ರವಾನಿಸು ಎಂಬ ವರದಿಯೂ ಆಗಿರಬಹುದು. ನಿರ್ವಾಹಕನ ಆದೇಶಕಡತವು ಆ ಸಂಖ್ಯೆಯನ್ನು ಪರೀಕ್ಷಿಸಿ ಮುಂದಿನ ಹೆಜ್ಜೆ ಇಡುತ್ತಿತ್ತು. ಕೇಳಿದ ಸಂಖ್ಯೆಗೆ ಸಮ ಅಥವಾ ಹೆಚ್ಚಾದುದೆಲ್ಲಕ್ಕೂ ಡಾಸ್ ‘ಹೌದು’ ಎನ್ನುತ್ತಿದ್ದುದರಿಂದ ದೊಡ್ಡ ಸಂಖ್ಯೆಯಿಂದ ಚಿಕ್ಕದರ ಕಡೆಗೆ ಇಳಿಯುತ್ತ ಪರೀಕ್ಷಿಸಬೇಕಾಗಿತ್ತು. ಇದನ್ನು ಅರಿಯದವನ ಫಲಕ ಇರುಳೆಲ್ಲ ತಪ್ಪು ಕೆಲಸವನ್ನೇ ಮಾಡುತ್ತಿತ್ತು. ಇಂಥ ತಿಳಿವಳಿಕೆಯಲ್ಲಿ ಬಹುಭಾಗ ಕೈಪಿಡಿಗಿಂತ ಮಿಗಿಲಾಗಿ ಒಬ್ಬ ನಿರ್ವಾಹಕನಿಂದ ಇನ್ನೊಬ್ಬನಿಗೆ ಪತ್ರಗಳ ಮೂಲಕ, ಬಾಯಿಮಾತಿನ ಮೂಲಕ ದಾಟುತ್ತಿತ್ತು. ವೃತ್ತಿಜ್ಞಾನ ಹರಡುವ ಜಾನಪದೀಯ ಕ್ರಮ ಇದೇ ಅಲ್ಲವೇ?

ಮೇಲಿನ ಆಯ್ಕೆಗಳನ್ನು ಡಂಗುರದ ಕೆಳಪದರದೊಂದಿಗೆ ಇಟ್ಟು ನೋಡಬಹುದು. ವೇಗವೆಂದರೆ ಬೀದಿಯ ಕೊನೆಯ ಮುದುಕನ ಕಿವಿಗೂ ಎಟುಕುವಂತೆ ಮಾತನ್ನು ತಡೆದು ಆಡುವುದು. ದ್ವಾರವೆಂದರೆ ಸಾರುವವನು ನಿಲ್ಲುವ ತಿರುವು. ಸಮಯವೆಂದರೆ ಕಟ್ಟು. ಬಿಟ್ಟುಹೋಗುವ ಸಂಖ್ಯೆಯೆಂದರೆ ಸಾರಿ ಮುಗಿಸಿದವನು ಚಾವಡಿಗೆ ಮರಳಿ ಒಪ್ಪಿಸುವ ವರದಿ. ನ್ಯಾಯಾಲಯದ ಅಮೀನನು ನೋಟಿಸಿನ ಬೆನ್ನಿಗೆ ಬರೆಯುವ ಷರಾ.

ಹೋಲಿಕೆಗೆ ಮಿತಿಯೂ ಇದೆ. ಫಲಕದ ನಿರ್ವಾಹಕನು ತನ್ನ ಹಣದಿಂದ ಗಣಕ ಕೊಂಡು, ತನ್ನ ಮನೆಯ ದೂರವಾಣಿಯನ್ನು ಪರರಿಗೆ ಬಿಟ್ಟುಕೊಟ್ಟು, ತನ್ನ ನಿದ್ದೆ ಕೆಡಿಸಿಕೊಂಡು ಸೇವೆ ಸಲ್ಲಿಸಿದವನು. ಅದೇ ವೇಳೆಗೆ ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗಿಡಬೇಕು ಎಂಬ ನಿರ್ಧಾರವೂ ಅವನದೇ. ಚಾವಡಿಯ ಗೌಡನೂ ಬೀದಿಯ ತೋಟಿಯೂ ಅವನೊಬ್ಬನಲ್ಲೇ ಸೇರಿದ್ದರು. ನಮ್ಮ ಊರುಗಳಲ್ಲಿ ಈ ಎರಡು ಪಾತ್ರಗಳ ನಡುವೆ ಜಾತಿಯ ಗೋಡೆಯಿತ್ತು. ಎರಡನ್ನೂ ‘ಸಮುದಾಯ ಮಾಧ್ಯಮ’ ಎಂಬ ಒಂದೇ ಹೆಸರಿನಡಿ ತಂದು ಈ ಗೋಡೆಯನ್ನು ಮರೆತರೆ ಚರಿತ್ರೆಗೆ ಅಪಚಾರವಾಗುತ್ತದೆ.

5. ಬೆಂಗಳೂರಿಗೆ ಬಂದದ್ದು, ಎಡತೊರೆಗೆ ಬಾರದ್ದು

ಭಾರತದಲ್ಲಿ ಗಣಕ ಜಾಲದ ಆರಂಭ ವಿದ್ಯಾಸಂಸ್ಥೆಗಳಲ್ಲಿ ಆಯಿತು. 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಆ ಬಾಗಿಲು ಸಾರ್ವಜನಿಕರಿಗೆ ತೆರೆದಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಹವ್ಯಾಸಿಗಳ ಫಲಕಗಳು. ಬೆಂಗಳೂರಿನಲ್ಲಿ ಅತುಲ್ ಚಿಟ್ನಿಸ್ ಅವರು 1980ರ ದಶಕದ ಕೊನೆಯಲ್ಲಿ ಆರಂಭಿಸಿದ ಸಿಐಎಕ್ಸ್ ಈ ಬಗೆಯ ಫಲಕಗಳಲ್ಲಿ ದೇಶದಾದ್ಯಂತ ಹೆಸರಾಯಿತು. ಮುಂದೆ ಮುಕ್ತ ತಂತ್ರಾಂಶದ ಪ್ರಚಾರಕರಾಗಿ, ಗಣಕ ಪತ್ರಿಕೆಯ ಬರಹಗಾರರಾಗಿ ಪರಿಚಿತರಾದ ಚಿಟ್ನಿಸ್ 2013ರಲ್ಲಿ ನಿಧನರಾದರು.

1990ರ ದಶಕದ ನಡುವಿನಲ್ಲಿ ದೂರಸಂಪರ್ಕ ಇಲಾಖೆಯು ಇಂಥ ಫಲಕಗಳಿಗೆ ಲಕ್ಷಗಟ್ಟಲೆ ರೂಪಾಯಿಗಳ ವಾರ್ಷಿಕ ಪರವಾನಗಿ ಶುಲ್ಕವನ್ನು ವಿಧಿಸಲು ಹೊರಟಿತು. ಮನೆಯ ಮೂಲೆಯಲ್ಲಿ ಫಲಕ ನಡೆಸುವ ಹವ್ಯಾಸಿಗೆ ಅದು ಬಾಗಿಲು ಮುಚ್ಚೆಂಬ ಆಜ್ಞೆಗೆ ಸಮಾನವಾಗಿದ್ದುದರಿಂದ ಬಲವಾದ ಪ್ರತಿರೋಧ ಬಂದಿತು. ಇಲಾಖೆಯ ಅಧಿಕಾರಕ್ಕೆ ಆಧಾರವಾಗಿದ್ದುದು 1885ರ ಟೆಲಿಗ್ರಾಫ್ ಕಾಯಿದೆ. ಸಾರುವ ಮುಂಚಿನ ಕಟ್ಟಳೆಯಲ್ಲಿ ಸರ್ಕಾರವೂ ಒಂದು ಆಯ್ಕೆಯನ್ನು ಬರೆಯಲು ಬಯಸಿತ್ತು ಎಂದು ಇದನ್ನು ಅರ್ಥೈಸಬಹುದು. ವಾದ ತೀರುವ ಮುಂಚೆಯೇ ಕಾಲ ಬದಲಾಯಿತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕ ಅಂತರಜಾಲ ಸೇವೆಯನ್ನು ಆರಂಭಿಸಿತು. ಆರಂಭದ ಅಗ್ಗದ ಖಾತೆಗಳಲ್ಲಿ ಚಿತ್ರಗಳಿರಲಿಲ್ಲ. ಅಲ್ಲಿಯೂ ಬಳಕೆದಾರನ ಮುಂದಿದ್ದುದು ಆದೇಶಸಾಲೇ. ಆದರೆ ಊರಿನ ಫಲಕವೆಂಬ ಕಲ್ಪನೆ ಅಲ್ಲಿಂದ ಹಿನ್ನೆಲೆಗೆ ಸರಿಯಿತು.

ಬೆಂಗಳೂರಿಗೆ ಬಂದ ಫಲಕ ಕೃಷ್ಣರಾಜನಗರಕ್ಕಾಗಲಿ ಕೋಟೆಗಾಗಲಿ ಯಾಕೆ ಬರಲಿಲ್ಲ? ಮೊದಲ ಕಾರಣ ದೂರವಾಣಿಯ ದರ. ಫಲಕವು ಮೂಲತಃ ಸ್ಥಳೀಯ ಕರೆಯ ಮಾಧ್ಯಮ. ಎಡತೊರೆ ಸೀಮೆಯಿಂದ ಬೆಂಗಳೂರಿಗೆ ಎಸ್‌ಟಿಡಿ ಕರೆ ಮಾಡಿದರೆ ಮೀಟರು ಓಡುತ್ತಿತ್ತು. ಇರುಳಿನ ಕಾಲು ದರಕ್ಕಾಗಿ ಜನ ಎಸ್‌ಟಿಡಿ ಬೂತುಗಳ ಮುಂದೆ ಸಾಲುಗಟ್ಟುತ್ತಿದ್ದ ಕಾಲ ಅದು. ಹಳ್ಳಿಗೆ ದೂರವಾಣಿ ತಲುಪಿದ್ದೂ ತಡವಾಗಿ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ರೂಪಿಸಿದ 128 ತಂತಿಗಳ ಮೊದಲ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ 1986ರಲ್ಲಿ ಕಿತ್ತೂರಿನಲ್ಲಿ ಆರಂಭವಾಯಿತೆಂಬುದು ಕರ್ನಾಟಕದ ಹೆಮ್ಮೆ. ಆದರೆ ಮನೆಗೊಂದು ತಂತಿ ಬರಲು ಇನ್ನೂ ವರ್ಷಗಳು ಬೇಕಾಗಿದ್ದವು. ಎರಡನೆಯ ಕಾರಣ ಲಿಪಿ. ಅದನ್ನು ಪ್ರತ್ಯೇಕವಾಗಿ ನೋಡುವುದು ಉಚಿತ.

6. ಲಿಪಿಯ ಕಟ್ಟಳೆ: ಬೈಲುಕುಪ್ಪೆಯ ನಿದರ್ಶನ

ಫಲಕದ ತಂತಿಯ ಮೇಲೆ ಸಾಗುತ್ತಿದ್ದುದು ರೋಮನ್ ಅಕ್ಷರಗಳು. ಭಾರತೀಯ ಲಿಪಿಗಳಿಗೆ ಇಸ್ಕಿ ಎಂಬ ಸಂಕೇತಕ್ರಮ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡು ಡಾಸ್ ಗಣಕದ ತೆರೆಯ ಮೇಲೆ ಕನ್ನಡವನ್ನು ಮೂಡಿಸಬಲ್ಲದಾಗಿತ್ತು. ಆದರೆ ಓದುವವನ ಗಣಕದಲ್ಲಿಯೂ ಅದೇ ಸಲಕರಣೆ ಇರಬೇಕಿತ್ತು. ಕನ್ನಡಿಗರು ದೂರದವರೊಂದಿಗೆ ತೆರೆಯ ಮೇಲೆ ಮಾತನಾಡುವಾಗ ಕನ್ನಡವನ್ನು ರೋಮನ್ ಲಿಪಿಯಲ್ಲಿ ಬರೆಯುವ ರೂಢಿ ಹೀಗೆ ಬೆಳೆಯಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಮತ್ತು ಅದನ್ನು ಅನುಸರಿಸಿದ ತಂತ್ರಾಂಶಗಳು ಬಳಕೆಗೆ ಬಂದ ಮೇಲೆ ಈ ಇಕ್ಕಟ್ಟು ಸಡಿಲವಾಯಿತು.

ಇದೇ ಇಕ್ಕಟ್ಟಿಗೆ ಈ ಸೀಮೆಯೊಳಗೇ ಒಂದು ಅಪೂರ್ವ ಉತ್ತರ ಸಿಕ್ಕಿತ್ತೆಂಬುದನ್ನು ಹೆಚ್ಚಿನವರು ಗಮನಿಸಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆ 1960ರ ದಶಕದ ಆರಂಭದಲ್ಲಿ ಟಿಬೆಟನ್ ನಿರಾಶ್ರಿತರ ವಸತಿಯಾಯಿತು. ಅಲ್ಲಿ ಮರುಸ್ಥಾಪನೆಗೊಂಡ ಸೆರಾ ವಿಹಾರದ ಸೆರಾ ಮೇ ವಿಭಾಗದಲ್ಲಿ, 1980ರ ದಶಕದ ಕೊನೆಯಲ್ಲಿ, ‘ಏಷ್ಯನ್ ಕ್ಲಾಸಿಕ್ಸ್ ಇನ್‌ಪುಟ್ ಪ್ರಾಜೆಕ್ಟ್’ ಎಂಬ ಯೋಜನೆ ಆರಂಭವಾಯಿತು. ಮರದ ಅಚ್ಚಿನಿಂದ ಮುದ್ರಿತವಾದ ಟಿಬೆಟನ್ ಶಾಸ್ತ್ರಗ್ರಂಥಗಳನ್ನು ತರಬೇತಿ ಪಡೆದ ಭಿಕ್ಷುಗಳು ಗಣಕಕ್ಕೆ ಊಡಿದರು. ಟಿಬೆಟನ್ ಲಿಪಿಯನ್ನು ನೇರವಾಗಿ ಊಡಲು ಸಾಧ್ಯವಿಲ್ಲದ್ದರಿಂದ ಪ್ರತಿ ಅಕ್ಷರಕ್ಕೂ ದೊಡ್ಡ ರೋಮನ್ ಅಕ್ಷರಗಳ ನಿಶ್ಚಿತ ಸಂಕೇತವನ್ನು ಗೊತ್ತುಪಡಿಸಲಾಯಿತು. ಹೀಗೆ ಸಿದ್ಧವಾದ ಗ್ರಂಥಗಳು ಫ್ಲಾಪಿಗಳಲ್ಲಿ ದೇಶವಿದೇಶಗಳ ವಿದ್ವಾಂಸರನ್ನು ತಲುಪಿದವು.

ಇಲ್ಲಿ ಗಮನಿಸಬೇಕಾದುದು ಇದು. ಕನ್ನಡದ ರೋಮನ್ ಬರಹ ಬರೆದವರ ಮನಸ್ಸಿಗೆ ಬಂದಂತೆ ಸಾಗಿತು. ಬೈಲುಕುಪ್ಪೆಯ ರೋಮನ್ ಬರಹಕ್ಕೆ ಊಡುವ ಮುಂಚೆಯೇ ಕಟ್ಟಳೆಯಿತ್ತು. ಆದ್ದರಿಂದ ಯೂನಿಕೋಡ್ ಬಂದ ಮೇಲೆ ಆ ಗ್ರಂಥಗಳನ್ನು ಮೂಲಲಿಪಿಗೆ ಯಂತ್ರದಿಂದಲೇ ಮರಳಿಸುವುದು ಸಾಧ್ಯವಾಯಿತು. ನೆಲೆ ಕಳೆದುಕೊಂಡ ಒಂದು ಸಮುದಾಯವು ತನ್ನ ಗ್ರಂಥಗಳನ್ನು ಉಳಿಸಿಕೊಂಡದ್ದು ಯಂತ್ರದ ಬಲದಿಂದ ಮಾತ್ರವಲ್ಲ, ಆರಂಭಕ್ಕೆ ಮುಂಚೆ ಒಪ್ಪಿಕೊಂಡ ಶಿಸ್ತಿನಿಂದಲೂ ಹೌದು.

7. ಚಾವಡಿಯಿಂದ ಗಣಕಕ್ಕೆ

ಎಡತೊರೆ ಸೀಮೆಯ ಸಾಮಾನ್ಯ ರೈತನಿಗೆ ಗಣಕದ ಮುಖಪರಿಚಯವಾದದ್ದು ಫಲಕದಿಂದಲ್ಲ, ಪಹಣಿಯಿಂದ. 2001ರ ಹೊತ್ತಿಗೆ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ‘ಭೂಮಿ’ ಯೋಜನೆ ನೆಲೆಗೊಂಡಿತು. 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಯ ಮಾನ್ಯತೆ ಕೊನೆಗೊಂಡಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ಕಟ್ಟಳೆಯನ್ನು ತಂತ್ರಾಂಶದೊಳಗೇ ಕೂರಿಸಲಾಗಿತ್ತು. ಗುಮಾಸ್ತರ ದಾಕ್ಷಿಣ್ಯಕ್ಕೆ ಅಲ್ಲಿ ಎಡೆ ಕಡಿಮೆ. ಆದರೆ ಈ ಆಯ್ಕೆಯನ್ನು ಬರೆದವರು ಯಾರೆಂಬುದೂ, ಅದನ್ನು ಬದಲಿಸುವ ಅಧಿಕಾರ ಎಲ್ಲಿದೆಯೆಂಬುದೂ ಸರದಿಯಲ್ಲಿ ನಿಂತವನಿಗೆ ಕಾಣುವುದಿಲ್ಲ. ಚಾವಡಿಯ ಕಟ್ಟಳೆ ಅನ್ಯಾಯದ್ದಾಗಿದ್ದಾಗಲೂ ಅದರ ಒಡೆಯ ಯಾರೆಂಬುದು ಕಣ್ಣಿಗೆ ಕಾಣುತ್ತಿತ್ತು. ಆದ್ದರಿಂದಲೇ ಅದನ್ನು ಎದುರಿಸಿ ತಮಟೆ ಕೆಳಗಿಡುವುದು ಸಾಧ್ಯವಾಯಿತು. ಕಾಣದ ಕಟ್ಟಳೆಯನ್ನು ಎದುರಿಸುವುದು ಹೇಗೆ ಎಂಬುದು ನಮ್ಮ ಕಾಲದ ಪ್ರಶ್ನೆ.

ಈ ದೃಷ್ಟಿಯಿಂದ ಹಳೆಯ ಆದೇಶಸಾಲಿಗೆ ಒಂದು ನೈತಿಕ ಗುಣವಿತ್ತೆನ್ನಬೇಕು. ಅಲ್ಲಿ ಕಟ್ಟಳೆಯೆಲ್ಲ ಒಂದು ಸಾಲಿನಲ್ಲಿ, ಓದಬಲ್ಲ ಅಕ್ಷರಗಳಲ್ಲಿ, ಕೈಪಿಡಿಯಲ್ಲಿ ವಿವರಿಸಿದಂತೆ ತೆರೆದಿರುತ್ತಿತ್ತು. ಇಂದಿನ ಮೊಬೈಲಿನ ಗುಂಪುಗಳಲ್ಲಿ ಯಾವ ಸಂದೇಶ ಯಾರಿಗೆ ಯಾವ ಕ್ರಮದಲ್ಲಿ ತಲುಪಬೇಕೆಂಬ ಕಟ್ಟಳೆ ಬಳಸುವವರ ಕೈಯಲ್ಲಿಲ್ಲ. ಅದಕ್ಕೆ ಹೋಲಿಸಿದರೆ ಸರಗೂರಿನ ‘ಜನಧ್ವನಿ’ಯಂಥ ಸಮುದಾಯ ಬಾನುಲಿಗಳು ಊರ ಕಟ್ಟಳೆಯ ಹಳೆಯ ಪರಂಪರೆಗೆ ಹತ್ತಿರದವು. ಸೀಮಿತವಾದ ಹರಹು, ಪರಿಚಿತ ದನಿ, ಯಾರು ಮಾತನಾಡಬೇಕೆಂಬುದರ ಸ್ಥಳೀಯ ನಿರ್ಧಾರ ಇವು ಅವುಗಳ ಲಕ್ಷಣ.

ಉಪಸಂಹಾರ

ಶಿಕಾಗೋದ ಫಲಕವನ್ನು ಕಟ್ಟಿದವರಲ್ಲಿ ಸೂಸ್ 2019ರಲ್ಲಿಯೂ ಕ್ರಿಸ್ಟೆನ್‌ಸೆನ್ 2024ರಲ್ಲಿಯೂ ತೀರಿಕೊಂಡರು. ಅವರಿಬ್ಬರೂ ಬದುಕಿದ್ದಾಗಲೇ ಜೇಸನ್ ಸ್ಕಾಟ್ ಎಂಬ ಸಂಗ್ರಾಹಕರು ಫಲಕದ ನಿರ್ವಾಹಕರನ್ನು ಕಂಡು, ಮಾತನಾಡಿಸಿ, 2005ರಲ್ಲಿ ಸಾಕ್ಷ್ಯಚಿತ್ರವೊಂದನ್ನು ಹೊರತಂದರು. ಮ್ಯಾಕ್ಸಿಮಸ್‌ನ ಮೂಲಸಂಕೇತವನ್ನು 2002ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಲಾಯಿತು. ಆದುದರಿಂದ ಆ ಸಾಲಿನ ಒಂದೊಂದು ಅಕ್ಷರದ ಅರ್ಥವೂ ಮುಂದಿನವರಿಗೆ ಲಭ್ಯವಿದೆ.

ಎಡತೊರೆ ಸೀಮೆಯ ಸಾರುವವರ ವಿಷಯದಲ್ಲಿ ಹೀಗೆನ್ನುವಂತಿಲ್ಲ. ಕಪ್ಪಡಿಯ ಜಾತ್ರೆಯಲ್ಲಿ ನೀಲಗಾರರು ಹಾಡುವ ಮಂಟೇಸ್ವಾಮಿಯ ಕಾವ್ಯವನ್ನು ನಮ್ಮ ವಿದ್ವಾಂಸರು ಶ್ರಮಪಟ್ಟು ಸಂಗ್ರಹಿಸಿದ್ದಾರೆ. ಅದು ಕಾವ್ಯವೆಂಬ ಕಾರಣಕ್ಕೆ ಉಳಿಯಿತು. ಡಂಗುರವು ಕಾವ್ಯವಲ್ಲ, ಆದುದರಿಂದ ಸಂಗ್ರಹದ ಹೊರಗೇ ಉಳಿಯಿತು. ಪೆಟ್ಟಿನ ಜಾಡುಗಳು, ನಿಲ್ಲುವ ತಿರುವುಗಳು, ಹೋಗಬಾರದ ಕೇರಿಗಳು, ಮರಳಿ ಒಪ್ಪಿಸುವ ವರದಿಯ ಮಾತು ಇವನ್ನು ಬಲ್ಲ ಹಿರಿಯರು ಇನ್ನೂ ಕೆಲವರಿದ್ದಾರೆ. ಅವರಿಂದ ಕೇಳಿ ದಾಖಲಿಸುವಾಗ ಪದ್ಧತಿಯ ಸೊಗಸನ್ನಷ್ಟೇ ಕೇಳಿದರೆ ಸಾಲದು. ಅದರ ಭಾರವನ್ನೂ, ಅದನ್ನು ಕೆಳಗಿಟ್ಟ ದಿನದ ಕಥನವನ್ನೂ ಕೇಳಬೇಕು. ತಮಟೆ ಹೊಡೆದುದರ ಚರಿತ್ರೆ ಎಷ್ಟು ಮುಖ್ಯವೋ ಹೊಡೆಯಲಾರೆನೆಂದುದರ ಚರಿತ್ರೆಯೂ ಅಷ್ಟೇ ಮುಖ್ಯ.

ಒಟ್ಟಿನಲ್ಲಿ, ಮಾತನ್ನು ಮಾತ್ರ ಕಾಪಿಟ್ಟು ಅದರ ಮುಂಚಿನ ಕಟ್ಟಳೆಯನ್ನು ಕಳೆದುಕೊಂಡರೆ ಸಮುದಾಯವೊಂದು ಹೇಗೆ ಮಾತನಾಡಿತೆಂಬುದು ತಿಳಿಯದೆ ಹೋಗುತ್ತದೆ. ಊರ ತೋಟಿಯ ನೆನಪಿನಲ್ಲಿದ್ದುದೂ ಗಣಕದ ಒಂದು ಸಾಲಿನಲ್ಲಿದ್ದುದೂ ಈ ಅರ್ಥದಲ್ಲಿ ಒಂದೇ ಬಗೆಯ ದಾಖಲೆಗಳು. ಜಾನಪದ ಸಂಶೋಧನೆಯು ತನ್ನ ಕ್ಷೇತ್ರಕಾರ್ಯದ ಪ್ರಶ್ನಾವಳಿಯಲ್ಲಿ ‘ಏನನ್ನು ಸಾರಿದಿರಿ’ ಎಂಬುದರ ಮೇಲೆ ‘ಸಾರುವ ಮುಂಚೆ ಏನು ತೀರ್ಮಾನವಾಗಿತ್ತು, ಯಾರು ತೀರ್ಮಾನಿಸಿದರು’ ಎಂಬ ಪ್ರಶ್ನೆಯನ್ನು ಸೇರಿಸಿಕೊಳ್ಳುವುದು ಇಂದಿನ ಅಗತ್ಯವಾಗಿದೆ.